ಹೂಳೆತ್ತುವಾಗ ಊರೆಲ್ಲ ಬಂತು, ಎರಡನೇ ವರ್ಷ ಏಳೇ ಜನ

ಮಸಾರಿಹೊಲ · ಲಿಂಗಸುಗೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಕೇಳಬೇಕಿತ್ತು. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮೂರ ಕೆರೆ ದೊಡ್ಡದೇನಲ್ಲ. ಏರಿ ಮೇಲೆ ಈ ತುದಿಯಿಂದ ಆ ತುದಿಗೆ ನಡೆದರೆ ಒಂದು ಬೀಡಿ ಮುಗಿಯುವಷ್ಟು ದೂರ. ಕಳೆದ ವರ್ಷ ಬೇಸಿಗೆಯಲ್ಲಿ ಹೂಳೆತ್ತಿದೆವು. ಶುರು ಮಾಡಿದ್ದು ನಾವು ಆರು ಜನ ಹುಡುಗರು. ನಾಲ್ಕನೇ ದಿನಕ್ಕೆ ಊರೇ ಬಂತು. ಟ್ರ್ಯಾಕ್ಟರ್ ಇದ್ದವರು ಟ್ರ್ಯಾಕ್ಟರ್ ತಂದರು. ಅಂಗಡಿಯವರು ಡೀಸೆಲ್ ಹಾಕಿಸಿದರು. ಹಿಟಾಚಿ ಬಾಡಿಗೆಗೆ ಚಂದಾ ಎತ್ತಿದೆವು. ಹೆಣ್ಣುಮಕ್ಕಳು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಿದ್ದರು. 22 ದಿನ ಹಬ್ಬದ ಹಾಗೆ ಕೆಲಸ ನಡೀತು. ಹೂಳೆಲ್ಲ ಹೊಲಗಳಿಗೆ ಹೋಯ್ತು. ಮಳೆ ಕೂಡ ಕೈ ಕೊಡಲಿಲ್ಲ, ಕೆರೆ ಅರ್ಧಕ್ಕಿಂತ ಜಾಸ್ತಿ ತುಂಬಿತು. ಗುಡಿ ಹಿಂದಿನ ಸೇದೋ ಬಾವಿಯಲ್ಲಿ ಎಷ್ಟೋ ವರ್ಷದ ಮೇಲೆ ಹಗ್ಗ ಚಿಕ್ಕದು ಮಾಡಿದರು.

ಈ ವರ್ಷ ಹೋಗಿ ನೋಡಿದರೆ ಕೆರೆ ಅಂಚಿಗೆಲ್ಲ ಬಳ್ಳಾರಿ ಜಾಲಿ ಮೊಣಕಾಲುದ್ದ ಎದ್ದಿದೆ. ಹಳ್ಳದಿಂದ ಕೆರೆಗೆ ನೀರು ತರುವ ಕಾಲುವೆಯಲ್ಲಿ ಯಾರೋ ಹಳೇ ಮನೆ ಕೆಡವಿದ ಕಲ್ಲುಮಣ್ಣು ಸುರಿದಿದ್ದಾರೆ. ತೂಬಿನ ಬಾಗಿಲು ಸರಿಯಾಗಿ ಕೂರುತ್ತಿಲ್ಲ, ನೀರು ಸೋರುತ್ತಿದೆ. ಡಂಗುರ ಹೊಡೆಸಿ ಸಭೆ ಕರೆದೆವು. ಬಂದಿದ್ದು ಏಳು ಜನ. ಅದರಲ್ಲಿ ಇಬ್ಬರು ಚಹಾಕ್ಕೆ ಬಂದವರು.

ಕಟ್ಟೆ ಮೇಲೆ ಕೂತಿದ್ದ ಅಜ್ಜ ಒಬ್ಬರು ನಕ್ಕು ಹೇಳಿದರು: "ನೀರ ಇದ್ದಾಗ ಕೆರಿ ನಮ್ಮದು, ಹೂಳ ತುಂಬಿದಾಗ ಪಂಚಾಯ್ತಿದು. ಹಿಂಗ ಐತಿ ತಮ್ಮಾ ಲೆಕ್ಕ."

ಅದೇ ಜನ, ಅದೇ ಕೆರೆ. ಮೊದಲ ವರ್ಷ ಬಂದವರು ಎರಡನೇ ವರ್ಷ ಯಾಕೆ ಬರಲ್ಲ? ನಿಮ್ಮೂರುಗಳಲ್ಲಿ ಇದನ್ನ ಹೇಗೆ ಸರಿ ಮಾಡಿದಿರಿ?

ಗವಿಗುಡ್ಡ · ಕೊಪ್ಪಳ

ನೀವು ಕೊಪ್ಪಳಕ್ಕೆ ಬಂದು ಹಿರೇಹಳ್ಳ ನೋಡಿ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹಳ್ಳ ಸ್ವಚ್ಛ ಮಾಡೋಣ ಅಂತ ಹೊರಟರು. ಸುಮಾರು 26 ಕಿಲೋಮೀಟರ್. ಹೇಳಿ ಸುಮ್ಮನಾಗಲಿಲ್ಲ, ತಾವೇ ನೀರಿಗೆ ಇಳಿದರು. ಅವರು ಇಳಿದ ಮೇಲೆ ದಂಡೆ ಮೇಲೆ ನಿಂತು ಫೋಟೋ ತೆಗೆಯೋಕೆ ಯಾರಿಗೆ ಮನಸ್ಸಾಗುತ್ತೆ ಹೇಳಿ? ಜೆಸಿಬಿ ಕೊಟ್ಟವರಿದ್ದರು, ಊಟ ಕೊಟ್ಟವರಿದ್ದರು, ಬರೀ ಎರಡು ಕೈ ತಂದವರೂ ಇದ್ದರು. ಜಾಲಿ, ಆಪು, ಪ್ಲಾಸ್ಟಿಕ್, ಕಸ ಎಲ್ಲ ಹೊರಗೆ ಬಂತು. ಆಮೇಲೆ ಗಿಣಿಗೇರಿ ಕೆರೆ ಕೆಲಸಕ್ಕೂ ಜನ ಬಂದರು.

ನಾನು ಒಂದು ಭಾನುವಾರ ಹೋಗಿದ್ದೆ. ನನ್ನ ಪಕ್ಕದಲ್ಲಿ ಒಬ್ಬರು ಬ್ಯಾಂಕಿನವರು, ಅವರ ಪಕ್ಕ ಒಬ್ಬ ಹಮಾಲಿ. ಒಂದೇ ಬುಟ್ಟಿಗೆ ಇಬ್ಬರೂ ಕೈ ಹಾಕಿದ್ದರು. ಸಂಜೆವರೆಗೆ ಇಬ್ಬರಿಗೂ ಪರಸ್ಪರ ಹೆಸರು ಗೊತ್ತಿರಲಿಲ್ಲ. ನಮ್ಮ ಜಾತ್ರೆ ದಾಸೋಹಕ್ಕೆ ಊರೂರಿಂದ ರೊಟ್ಟಿ ಬರುತ್ತದಲ್ಲ, ಯಾರ ಮನೆ ರೊಟ್ಟಿ ಅಂತ ಯಾರೂ ಕೇಳಲ್ಲ. ಹಂಗೇ.

ತಗಡಿನಮನೆ · ರಾಯಚೂರು

ಸರಿ ಸ್ವಾಮಿ. ಆದರೆ ಎಲ್ಲ ಊರಿಗೂ ಗವಿಮಠ ಇಲ್ಲ.

ಗವಿಗುಡ್ಡ · ಕೊಪ್ಪಳ

ಅದೂ ನಿಜ. ಆದರೆ ಸ್ವಾಮೀಜಿ ಕರೆದಿದ್ದಕ್ಕೆ ಮಾತ್ರ ಜನ ಬಂದರು ಅಂದುಕೊಳ್ಳಬೇಡಿ. ಕೊಟ್ಟ ದುಡ್ಡು ಹಳ್ಳಕ್ಕೇ ಹೋಗುತ್ತೆ ಅನ್ನೋ ನಂಬಿಕೆ ಇತ್ತು. ಅದು ಇಲ್ಲದಿದ್ದರೆ ಯಾರು ಕರೆದರೂ ಅಷ್ಟೇ.

ತಗಡಿನಮನೆ · ರಾಯಚೂರು

ನಾನು ತಮಾಷೆಗೆ ಹೇಳಿದ್ದಲ್ಲ. ನಮ್ಮ ಓಣಿಯಲ್ಲಿ ಪ್ರತಿ ವರ್ಷ ಜೂನ್ 5ಕ್ಕೆ ಸಸಿ ನೆಡುತ್ತಾರೆ. ಅದೇ ಗುಂಡಿ! ಹೋದ ವರ್ಷದ ಸಸಿ ಒಣಗಿದ ಗುಂಡಿಯಲ್ಲೇ ಈ ವರ್ಷದ ಸಸಿ. ಬ್ಯಾನರ್ ಮೇಲೆ ಎಂಟು ಸಂಘದ ಹೆಸರು ಇರುತ್ತೆ. ಏಪ್ರಿಲ್ ತಿಂಗಳ ರಾಯಚೂರು ಬಿಸಿಲಲ್ಲಿ ನೀರು ಹಾಕೋದಕ್ಕೆ ಎಂಟರಲ್ಲಿ ಒಂದೂ ಇಲ್ಲ. ಕೊನೆಗೆ ಬದುಕಿದ್ದು ಒಂದೇ ಬೇವು. ಅದೂ ಪಂಕ್ಚರ್ ಅಂಗಡಿಯವನು ಟ್ಯೂಬ್ ಮುಳುಗಿಸಿ ನೋಡೋ ನೀರನ್ನ ದಿನಾ ಅದರ ಬುಡಕ್ಕೆ ಚೆಲ್ಲುತ್ತಿದ್ದ ಅಂತ. ಅವನ ಹೆಸರು ಯಾವ ಬ್ಯಾನರ್ ಮೇಲೂ ಇಲ್ಲ.

ಕೊನೆಭಾಗ · ಮಾನ್ವಿ ತಾಲ್ಲೂಕು

ಮಸಾರಿಹೊಲ ಅವರೇ, ಒಂದು ಸಣ್ಣ ಪ್ರಶ್ನೆ. ಹೂಳೆಲ್ಲ ಹೊಲಗಳಿಗೆ ಹೋಯ್ತು ಅಂದಿರಿ. ಯಾರ ಹೊಲಗಳಿಗೆ?

ಮಸಾರಿಹೊಲ · ಲಿಂಗಸುಗೂರು ತಾಲ್ಲೂಕು

ಕೇಳಿದವರಿಗೆಲ್ಲ ಕೊಟ್ಟೆವು. ಹೂಳು ಫ್ರೀ, ಹೊತ್ತುಕೊಂಡು ಹೋಗೋ ಖರ್ಚು ಅವರದು. ನಮ್ಮ ಕಡೆ ಎಲ್ಲ ಮಸಾರಿ ಭೂಮಿ, ಅಂದರೆ ಕೆಂಪು ಮಣ್ಣು. ಕೆರೆ ಮಣ್ಣು ಬಿದ್ದರೆ ತೇವ ನಿಲ್ಲುತ್ತೆ. ಹಾಗಾಗಿ ಬೇಡಿಕೆ ಜಾಸ್ತಿ ಇತ್ತು. ಯಾಕೆ?

ಕೊನೆಭಾಗ · ಮಾನ್ವಿ ತಾಲ್ಲೂಕು

ಯಾಕೆ ಕೇಳಿದೆ ಅಂದರೆ, ನಾವು ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದವರು. ಸಹಕಾರ ಅನ್ನೋ ಮಾತು ಕೇಳಿದ ತಕ್ಷಣ ನಮಗೆ ಯಾರಿಗೆ ಎಷ್ಟು ಸಿಕ್ಕಿತು ಅನ್ನೋ ಪ್ರಶ್ನೆಯೇ ಮೊದಲು ಬರುತ್ತೆ. ಅಭ್ಯಾಸ ಆಗಿಬಿಟ್ಟಿದೆ.

ಈ ನಾಲೆ ಕಟ್ಟುವಾಗ ಬಹುಪಾಲು ಭೂಮಿಗೆ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆ ಅಂತ ಲೆಕ್ಕ ಹಾಕಿದ್ದರು. ಮೇಲ್ಭಾಗದಲ್ಲಿ ಭತ್ತ ಬಂತು. ನೀರು ಅಲ್ಲೇ ನಿಂತಿತು. ಅಲ್ಲಿ ನೀರು ಜಾಸ್ತಿಯಾಗಿ ಭೂಮಿ ಸವಳು-ಜವಳು ಆಯ್ತು, ಇಲ್ಲಿ ನೀರೇ ಇಲ್ಲದೆ ಬೆಳೆ ಒಣಗಿತು. ಒಂದೇ ನಾಲೆ, ಎರಡು ರೋಗ. ಅದರ ಮೇಲೆ ಡ್ಯಾಂನಲ್ಲಿ ಹೂಳು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಈಗ 105 ಚಿಲ್ಲರೆ. ಆ ಕಡಿಮೆಯಾದ ನೀರು ಎಲ್ಲರ ಪಾಲಿನಲ್ಲೂ ಕಡಿಮೆಯಾಗಬೇಕಿತ್ತು ಅಲ್ವಾ? ನಾಲೆಯ 104ನೇ ಮೈಲಿನಲ್ಲಿ ನೀರು ಅಳೆಯೋ ಗೇಜ್ ಮುಂದೆ ನಿಂತು ನೋಡಿ, ಯಾರ ಪಾಲಿನಲ್ಲಿ ಕಡಿಮೆಯಾಗಿದೆ ಅಂತ ಗೊತ್ತಾಗುತ್ತೆ.

ನಾನು ಹತ್ತು ವರ್ಷದಲ್ಲಿ ಎಷ್ಟೋ ಸಭೆಗೆ ಹೋಗಿದ್ದೀನಿ. "ರೈತರೆಲ್ಲ ಒಂದಾಗಬೇಕು" ಅಂತ ಭಾಷಣ ಮಾಡೋರು ಸಾಮಾನ್ಯವಾಗಿ ಮೇಲ್ಭಾಗದವರೇ. ಅವರ ಗದ್ದೆಗೆ ನೀರು ಬಂದಾಗಿರುತ್ತೆ.

2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟ್ ಕೊಚ್ಚಿ ಹೋಯ್ತಲ್ಲ, ಆಗ ಮೇಲ್ಭಾಗ ಕೊನೆಭಾಗ ಅನ್ನದೆ ಎಲ್ಲರೂ ಒಂದೇ ಉಸಿರು ಹಿಡಿದು ಕೂತಿದ್ದೆವು. ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲಿಗೆ ತಾತ್ಕಾಲಿಕ ಉಕ್ಕಿನ ಅಡ್ಡಹಲಗೆ, ಇಳಿಸಿದರು. ಕನ್ನಯ್ಯ ನಾಯ್ಡು ಅವರಂಥ ಹಿರಿಯ ತಜ್ಞರು, ವೆಲ್ಡರುಗಳು, ಕ್ರೇನ್‌ನವರು, ಎಷ್ಟು ಜನ! ಹಾರ ತುರಾಯಿ ಎಲ್ಲ ಆಯ್ತು, ಆಗಬೇಕಾದ್ದೇ. ಆಪತ್ತು ಬಂದಾಗ ನಾವು ಬಹಳ ಚೆನ್ನಾಗಿ ಸೇರುತ್ತೀವಿ. ಹೂಳೆತ್ತೋದೂ ಒಂಥರಾ ಆಪತ್ತಿನ ಕೆಲಸ. ಜಾಲಿ ಕೀಳೋದು, ತೂಬಿಗೆ ಗ್ರೀಸ್ ಹಚ್ಚೋದು ಹಂಗಲ್ಲ. ಅದಕ್ಕೆ ಬರೋನು ತನಗೂ ಪಾಲಿದೆ ಅಂತ ಗೊತ್ತಿದ್ದರೆ ಮಾತ್ರ ಬರ್ತಾನೆ.

ಅದಕ್ಕೇ ಕೇಳಿದ್ದು. ಹೂಳು ಯಾರ ಹೊಲಕ್ಕೆ ಹೋಯ್ತು? ಒಮ್ಮೆ ಎಣಿಸಿ ನೋಡಿ.

ಸಂಘದಕ್ಕ · ಕುಷ್ಟಗಿ ತಾಲ್ಲೂಕು

ನಾನೂ ಒಂದು ಕೇಳ್ತೀನಿ. ಹೆಣ್ಣುಮಕ್ಕಳು ರೊಟ್ಟಿ ಕಟ್ಟಿಕೊಂಡು ಬಂದರು ಅಂತ ಬರೆದಿದ್ದೀರಿ. ಸಂತೋಷ. ಅವರನ್ನ ಸಭೆಗೆ ಕರೆದಿದ್ರಾ?

ಮಸಾರಿಹೊಲ · ಲಿಂಗಸುಗೂರು ತಾಲ್ಲೂಕು

ಡಂಗುರ ಎಲ್ಲರಿಗೂ ಕೇಳಿಸುತ್ತೆ ಅಕ್ಕ. ಬರಬೇಡಿ ಅಂತ ಯಾರೂ ಹೇಳಿಲ್ಲ.

ಸಂಘದಕ್ಕ · ಕುಷ್ಟಗಿ ತಾಲ್ಲೂಕು

ಸಭೆ ಎಷ್ಟು ಗಂಟೆಗೆ? ಎಲ್ಲಿ?

ಮಸಾರಿಹೊಲ · ಲಿಂಗಸುಗೂರು ತಾಲ್ಲೂಕು

ಸಂಜೆ ಆರಕ್ಕೆ. ಗುಡಿ ಕಟ್ಟೆ ಮೇಲೆ.

ಸಂಘದಕ್ಕ · ಕುಷ್ಟಗಿ ತಾಲ್ಲೂಕು

ಆರಕ್ಕೆ ನಾವು ಒಲೆ ಮುಂದೆ ಇರ್ತೀವಿ. ಗುಡಿ ಕಟ್ಟೆ ಮೇಲೆ ಗಂಡಸರು ಕೂತಿದ್ದರೆ ನಮ್ಮ ಕಡೆ ಹೆಣ್ಣುಮಕ್ಕಳು ಸೆರಗು ಸರಿಮಾಡಿಕೊಂಡು ಆ ಬದಿಯಿಂದ ಹೋಗ್ತಾರೆ, ಕಟ್ಟೆ ಹತ್ತಲ್ಲ. ನಿಮ್ಮೂರಲ್ಲಿ ಬೇರೆ ಇರಬಹುದು. ಇರಲಿಕ್ಕಿಲ್ಲ.

ಸಿಟ್ಟಿನಿಂದ ಹೇಳ್ತಿಲ್ಲ. ಕೆರೆ ವಿಷಯ ಯಾರಿಗೆ ಜಾಸ್ತಿ ಗೊತ್ತಿರುತ್ತೆ ಅಂದರೆ ಅಲ್ಲಿ ಬಟ್ಟೆ ಒಗೆಯೋರಿಗೆ, ಎಮ್ಮೆ ಮೈ ತೊಳೆಯೋರಿಗೆ. ಯಾವ ಕಲ್ಲಿನವರೆಗೆ ನೀರಿತ್ತು, ಯಾವ ತಿಂಗಳು ಪಾಚಿ ಬಂತು, ಎಲ್ಲಿ ಕಾಲು ಹೂತುಹೋಗುತ್ತೆ, ಎಲ್ಲ ಗೊತ್ತು. ನಮ್ಮ ತಾಲ್ಲೂಕಿನ ನಿಡಶೇಷಿ ಕೆರೆಯನ್ನೂ ಜನ ಸೇರಿಯೇ ಹೂಳೆತ್ತಿದ್ದು, ಅದು ದೊಡ್ಡ ಕೆಲಸ. ನಮ್ಮದು ಊರ ಹೊರಗಿನ ಸಣ್ಣ ಕಟ್ಟೆ. ನಮ್ಮ ಸ್ವಸಹಾಯ ಸಂಘದವರು ನೋಡಿಕೊಳ್ತಿದ್ದೀವಿ. ನಮ್ಮದೇನು ದೊಡ್ಡ ಜಾಣತನ ಅಲ್ಲ. ವಾರಕ್ಕೊಮ್ಮೆ ಉಳಿತಾಯದ ಸಭೆ ಹೆಂಗೂ ಇರುತ್ತೆ. ಹಣ ಎಣಿಸಿ, ಬುಕ್ಕಿಗೆ ಬರೆದು, ಬರೆದದ್ದನ್ನ ಗಟ್ಟಿಯಾಗಿ ಓದ್ತೀವಿ. ಓದು ಬರದವರು ನಾಲ್ಕು ಜನ ಇದ್ದಾರೆ. ಅವರಿಗೋಸ್ಕರ ಓದೋದು. ಅದೇ ಬುಕ್ಕಿನ ಹಿಂದಿನ ಹಾಳೆಯಲ್ಲಿ ಕಟ್ಟೆ ಲೆಕ್ಕ. ಯಾರು ಬಂದರು, ಯಾರು ಬರಲಿಲ್ಲ, ಬರದವರ ಬದಲು ಯಾರು ಬಂದರು.

ಒಂದು ಸಲ ಅಧ್ಯಕ್ಷರ ಸೊಸೆಯೇ ಮೂರು ಸರದಿ ತಪ್ಪಿಸಿದಳು. ಅದನ್ನೂ ಓದಿದೆವು. ಅತ್ತೆ ಮುಖ ನೋಡಬೇಕಿತ್ತು.

ತಗಡಿನಮನೆ · ರಾಯಚೂರು

ಈ ಅಕ್ಕನನ್ನ ನಮ್ಮ ಓಣಿಯ ಎಂಟು ಸಂಘಕ್ಕೂ ಕಳಿಸಿಕೊಡಿ.

ಹರಿಗೋಲು · ಕಂಪ್ಲಿ

ಕೆರೆ ಬಿಟ್ಟು ಹೊಳೆ ಕಡೆ ಸ್ವಲ್ಪ ಬರ್ತೀನಿ, ವಿಷಯ ಒಂದೇ.

ಡ್ಯಾಂ ಕೆಳಗೆ ಮುದ್ಲಾಪುರದಿಂದ ಕಂಪ್ಲಿ ತನಕ ತುಂಗಭದ್ರೆಯ 34 ಕಿಲೋಮೀಟರ್ ಉದ್ದವನ್ನ 2015ರಲ್ಲಿ ನೀರುನಾಯಿ ಸಂರಕ್ಷಿತ ಮೀಸಲು ಅಂತ ಮಾಡಿದರು. ದೇಶದಲ್ಲಿ ನೀರುನಾಯಿಗೆ ಅಂತಲೇ ಮಾಡಿದ ಮೊದಲನೆಯದು. ಒಂದು ದಂಡೆ ಕೊಪ್ಪಳ, ಇನ್ನೊಂದು ದಂಡೆ ಆಗಿನ ಬಳ್ಳಾರಿ ಜಿಲ್ಲೆ. ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಯಾರೂ ಸಿಹಿ ಹಂಚಲಿಲ್ಲ ಬಿಡಿ. ನಮ್ಮದು ಮೀನು ಹಿಡಿಯೋ ಮನೆತನ. ನೀರುನಾಯಿ ಬಲೆ ಹರಿಯುತ್ತೆ. ಬಲೆಗೆ ಬಿದ್ದ ಮೀನಿನ ಹೊಟ್ಟೆ ಭಾಗ ತಿಂದು ತಲೆ ಬಿಟ್ಟು ಹೋಗುತ್ತೆ. ಬೆಳಿಗ್ಗೆ ಹರಿಗೋಲು ಹಾಕಿಕೊಂಡು ಹೋಗಿ ಬಲೆ ಎತ್ತಿದರೆ ಬರೀ ತಲೆಗಳು ನಿಮ್ಮನ್ನ ನೋಡ್ತಿರುತ್ತವೆ. ಆಗ ಪ್ರಾಣಿ ಪ್ರೀತಿ ಬರಲ್ಲ.

ಆದರೆ ನಮ್ಮಪ್ಪ ಒಂದು ಮಾತು ಹೇಳೋರು. ನೀರುನಾಯಿ ಒಂದು ಬಲೆ ಹರಿಯುತ್ತೆ, ಮದ್ದು ಹಾಕೋನು ಹೊಳೆನೇ ಹರಿಯುತ್ತಾನೆ. ಸಿಡಿಮದ್ದು ಎಸೆದರೆ ದೊಡ್ಡ ಮೀನು ನಾಲ್ಕು ತೇಲುತ್ತವೆ, ಮರಿ ಲೆಕ್ಕವಿಲ್ಲದಷ್ಟು ಸಾಯ್ತವೆ. ಮುಂದಿನ ವರ್ಷ ನಮಗೂ ಇಲ್ಲ, ನೀರುನಾಯಿಗೂ ಇಲ್ಲ. ಅಂದರೆ ಆ ಪ್ರಾಣಿಯ ಶತ್ರುವೂ ನಮ್ಮ ಶತ್ರುವೂ ಒಬ್ಬನೇ. ಇದು ನಮಗೆ ಮೊದಲೇ ಗೊತ್ತಿತ್ತು, ಕೇಳಿದವರು ಇರಲಿಲ್ಲ ಅಷ್ಟೆ. ಆಮೇಲೆ ನೀರುನಾಯಿ ನೋಡೋಕೆ ಬಂದ ಒಬ್ಬ ಹುಡುಗ ದಿನಾ ನಮ್ಮ ಹರಿಗೋಲಲ್ಲೇ ಕೂರುತ್ತಿದ್ದ. ಎಲ್ಲಿ ಮರಿ ಹಾಕ್ತವೆ, ಯಾವ ಬಂಡೆ ಮೇಲೆ ಲದ್ದಿ ಇರುತ್ತೆ, ಎಲ್ಲ ತೋರಿಸಿದೆವು. ಅವನು ಬರೆದುಕೊಂಡ. ಆಮೇಲೆ ಮದ್ದಿನ ಸದ್ದು ಕೇಳಿದರೆ ಯಾರಿಗೆ ಫೋನ್ ಮಾಡಬೇಕು ಅಂತ ನಮ್ಮ ಹತ್ತಿರ ನಂಬರ್ ಇತ್ತು.

ಇನ್ನೊಂದು ವಿಷಯ ಸುಮಾರು ಜನಕ್ಕೆ ಗೊತ್ತಿಲ್ಲ. ಇದು ಅಭಯಾರಣ್ಯ ಅಲ್ಲ, ಸಂರಕ್ಷಿತ ಮೀಸಲು. ಎರಡಕ್ಕೂ ವ್ಯತ್ಯಾಸ ಇದೆ. ಮೀಸಲಿಗೆ ಒಂದು ಸಮಿತಿ ಇರಬೇಕು, ಅದರಲ್ಲಿ ಆ ಭಾಗದ ಪ್ರತಿ ಗ್ರಾಮ ಪಂಚಾಯ್ತಿಯಿಂದ ಒಬ್ಬರು, ವನ್ಯಜೀವಿ ಕೆಲಸ ಮಾಡೋ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಗಳಿಂದ ಒಬ್ಬೊಬ್ಬರು ಇರಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ಕುರ್ಚಿ ಇದೆ, ಹೋಗಿ ಕೂರಬೇಕು. ನಿಮ್ಮ ಪಂಚಾಯ್ತಿಯಿಂದ ಯಾರು ಹೋಗ್ತಾರೆ ಅಂತ ಕೇಳಿ ನೋಡಿ, ಅರ್ಧ ಊರಲ್ಲಿ ಉತ್ತರ ಸಿಗಲ್ಲ.

ಎರೆಹೊಲ · ಸಿರುಗುಪ್ಪ

ಹರಿಗೋಲು ಅವರು ಹೇಳಿದ್ದು ನೂರಕ್ಕೆ ನೂರು. ನಮ್ಮ ಕಡೆ ಎರೆಭೂತದ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇದೆ. ಇತ್ತು ಅನ್ನಬೇಕೋ ಇದೆ ಅನ್ನಬೇಕೋ, ಅಷ್ಟು ಅಪರೂಪ. ಅದು ಗೂಡು ಕಟ್ಟಲ್ಲ, ನೆಲದ ಮೇಲೆ ಮೊಟ್ಟೆ ಇಡುತ್ತೆ, ಅದೂ ಒಂದೇ ಒಂದು. ಕಾಡಲ್ಲಿ ಅಲ್ಲ, ನಮ್ಮ ಹೊಲದ ಬಯಲಲ್ಲಿ. ಬೇಲಿ ಹಾಕಿ ಕಾಯೋಕೆ ಆಗಲ್ಲ. ಮೊದಲು ನೋಡೋದು ಕಳೆ ತೆಗೆಯೋ ಹೆಣ್ಣುಮಗಳು ಇಲ್ಲ ಕುರಿ ಕಾಯೋ ಹುಡುಗ. ಅವರು ಬಾಯಿ ಬಿಟ್ಟು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಿವೃತ್ತಮೇಷ್ಟ್ರು · ಸಂಡೂರು

ನಾನು ಸ್ವಲ್ಪ ಬೇರೆ ಥರ ಹೇಳುತ್ತೇನೆ. ಎಲ್ಲರೂ ಸೇರಿ ಸಲಿಕೆ ಹಿಡಿಯುವುದು ಸಹಕಾರ, ಒಪ್ಪುತ್ತೇನೆ. ಆದರೆ ಸಂಡೂರಿನವರಿಗೆ ಬೇರೊಂದು ರೀತಿಯ ಸಹಕಾರವೂ ಗೊತ್ತು. ಅದರಲ್ಲಿ ಸಲಿಕೆ ಇರಲಿಲ್ಲ, ಕಾಗದ ಇತ್ತು.

ಅದಿರು ಲಾರಿಗಳ ಕಾಲ ನಿಮಗೆ ನೆನಪಿರಬಹುದು. ಬೆಳಿಗ್ಗೆ ಅಂಗಳ ಗುಡಿಸಿದರೆ ಮೊರದ ತುಂಬ ಕೆಂಪು ಧೂಳು. ತುಳಸಿ ಗಿಡದ ಎಲೆ ಹಸಿರು ಅಂತ ನೋಡಬೇಕಾದರೆ ಉಜ್ಜಬೇಕಿತ್ತು. ಮಳೆ ಬಂದರೆ ಹಳ್ಳದಲ್ಲಿ ಕುಂಕುಮದ ನೀರು. ಶಾಲೆಯಲ್ಲಿ ನಾನು ಸೀಮೆಸುಣ್ಣದಲ್ಲಿ ಬರೆದ ಅಕ್ಷರ ಮಧ್ಯಾಹ್ನಕ್ಕೆ ತಿಳಿಗೆಂಪು ಆಗುತ್ತಿತ್ತು. ಆಗ ಯಾರಾದರೂ ನೂರು ಸಸಿ ತಂದು ವನಮಹೋತ್ಸವ ಮಾಡೋಣ ಅಂದಿದ್ದರೆ ಏನು ಉಪಯೋಗ?

2009ರಲ್ಲಿ ಸಮಾಜ ಪರಿವರ್ತನ ಸಮುದಾಯ ಎನ್ನುವ ಸಂಸ್ಥೆ ಅಕ್ರಮ ಗಣಿಗಾರಿಕೆ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ 29ಕ್ಕೆ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿ, ಗಡಿ ಮೀರಿ ಹೆಚ್ಚು ಅಗೆದಿದ್ದ ಸಿ ವರ್ಗದವನ್ನು ರದ್ದು ಮಾಡಿದರು. ಉಳಿದವರು ಮೊದಲು ಪುನಶ್ಚೇತನದ ಕೆಲಸ ಮಾಡಬೇಕು, ಆಮೇಲೆ ಅಗೆಯಬೇಕು ಅಂತ ಆಯಿತು. ವರ್ಷಕ್ಕೆ ಇಷ್ಟೇ ಅದಿರು ಅಂತ ಮಿತಿಯೂ ಬಂತು.

ಪತ್ರಿಕೆಯಲ್ಲಿ ಬಂದದ್ದು ದೊಡ್ಡ ಹೆಸರುಗಳು. ಸರಿಯೇ, ಅವರು ದೊಡ್ಡ ಕೆಲಸವೇ ಮಾಡಿದರು. ಆದರೆ ಯಾವ ಗುಡ್ಡದ ಗಡಿ ಕಲ್ಲು ಎಲ್ಲಿತ್ತು, ಯಾವ ಗುಡಿ ಪಕ್ಕದ ದಾರಿ ಯಾವಾಗ ಮುಚ್ಚಿತು ಎನ್ನುವುದನ್ನು ನೆನಪಿಟ್ಟವರು ಊರವರೇ. ನನಗೆ ಗೊತ್ತಿರುವ ಒಬ್ಬರು ಲಾರಿಗಳ ಲೆಕ್ಕ ಬರೆಯುತ್ತಿದ್ದರು. ಮಕ್ಕಳ ಹಳೇ ನೋಟುಪುಸ್ತಕದ ಖಾಲಿ ಹಾಳೆಗಳಲ್ಲಿ, ದಿನಾಂಕ ಹಾಕಿ. ಯಾರಿಗೂ ತೋರಿಸಲಿಲ್ಲ, ಯಾರೂ ಕೇಳಲೂ ಇಲ್ಲ. ಇಡೀ ಓಣಿ ಅವರನ್ನು ಹುಚ್ಚ ಅಂದುಕೊಂಡಿತ್ತು. ನಾನೂ ಅಂದುಕೊಂಡಿದ್ದೆ, ಸುಳ್ಳು ಹೇಳುವುದಿಲ್ಲ.

ಅದೇ ಹೊತ್ತಿನಲ್ಲಿ ಊರು ಎರಡು ಭಾಗ ಆಗಿತ್ತು, ಅದನ್ನೂ ಹೇಳಬೇಕು. ಲಾರಿ ಡ್ರೈವರ್, ಕ್ಲೀನರ್, ಹೋಟೆಲಿನವನು, ಟೈರ್ ಅಂಗಡಿಯವನು, ಇವರ ಅನ್ನ ಹೋಯಿತು. ಪರಿಸರ ಉಳಿಯಿತು ಅಂತ ನಾವು ಖುಷಿಪಡುವಾಗ ನನ್ನದೇ ಹಳೇ ವಿದ್ಯಾರ್ಥಿ ಒಬ್ಬ ಎದುರಿಗೆ ಬಂದರೂ ಮಾತಾಡಿಸದೆ ಹೋದ. ಅವನ ಲಾರಿಗೆ ಬ್ಯಾಂಕಿನ ಸಾಲ ಇತ್ತು. ಅವನನ್ನು ಜೊತೆಗೆ ಕರೆದುಕೊಳ್ಳುವ ದಾರಿ ನಮಗೆ ಆಗ ಹೊಳೆಯಲಿಲ್ಲ. ಈಗಲೂ ಪೂರ್ತಿ ಹೊಳೆದಿಲ್ಲ.

ಕೊನೆಭಾಗ · ಮಾನ್ವಿ ತಾಲ್ಲೂಕು

ಮೇಷ್ಟ್ರೇ, ಕೊನೇ ಮಾತು ಚುಚ್ಚಿತು.

ಕುರಿಮಂದೆ · ಗಂಗಾವತಿ ತಾಲ್ಲೂಕು

ನಾನು ಸಾಮಾನ್ಯವಾಗಿ ಬರೆಯಲ್ಲ, ಓದ್ತೀನಿ. ನಮ್ಮದು ಕುರಿ ಸಾಕೋ ಮನೆ. ನಾನು ಈಗ ಕಾಲೇಜು ಮುಗಿಸಿ ಪೇಟೆಯಲ್ಲಿದ್ದೀನಿ, ತಾತ ಇನ್ನೂ ಮಂದೆ ಜೊತೆ ಇದ್ದಾರೆ.

ನಮ್ಮ ತಾಲ್ಲೂಕಿನ ಬಂಕಾಪುರದಲ್ಲಿ ತೋಳ ಧಾಮ ಆಗಿದೆ, 330 ಎಕರೆಗೂ ಸ್ವಲ್ಪ ಜಾಸ್ತಿ. ತೋಳಕ್ಕೆ ಅಷ್ಟು ಜಾಗ ಒಂದು ಅಂಗಳ ಇದ್ದಂಗೆ. ರಾತ್ರಿ ಅದು ತಿರುಗೋದು ಹೊಲ, ಗುಡ್ಡ, ಮಂದೆ ಬಿಟ್ಟ ಕಡೆ. ಅಂದರೆ ಅದನ್ನ ಉಳಿಸೋದು ಬಿಡೋದು ಕುರುಬರ ಕೈಯಲ್ಲೇ ಇರೋದು. ತಾತನ ಮಂದೆಯಲ್ಲಿ ತೋಳ ಎಷ್ಟೋ ಸಲ ಮರಿ ಒಯ್ದಿದೆ. ತಾತ ಬೈತಾರೆ, ನಾಯಿ ಬಿಡ್ತಾರೆ, ಆದರೆ ಮರಿ ಇರೋ ಗವಿಗೆ ಹೊಗೆ ಹಾಕಲ್ಲ. "ಅದರ ಪಾಲು ಅದು ಒಯ್ತದ" ಅಂತಾರೆ. ಈ ಮಾತನ್ನ ಯಾವ ಸಭೆಯಲ್ಲೂ ಯಾರೂ ತಾತನ ಬಾಯಿಂದ ಕೇಳಿಲ್ಲ, ಯಾಕಂದರೆ ಸಭೆಗೆ ಕರೆದಿಲ್ಲ.

ಈಗ ನಿಮ್ಮ ಜಾಲಿ ವಿಷಯ. ಮಸಾರಿಹೊಲ ಅವರೇ, ಕೆರೆ ಅಂಚಿಗೆ ಜಾಲಿ ಎಲ್ಲಿಂದ ಬಂತು ಅಂತ ಯೋಚನೆ ಮಾಡಿದ್ದೀರಾ? ಬೇಸಿಗೆಯಲ್ಲಿ ಕುರಿ, ಆಡು, ದನ ಜಾಲಿ ಕಾಯಿ ತಿಂತವೆ. ಬೇರೆ ಮೇವು ಇರಲ್ಲ. ಬೀಜ ಹೊಟ್ಟೆಯಲ್ಲಿ ಕರಗಲ್ಲ. ನೀರು ಕುಡಿಯೋಕೆ ಕೆರೆಗೆ ಬರ್ತವೆ, ಅಲ್ಲೇ ಹಿಕ್ಕೆ ಹಾಕ್ತವೆ. ಗೊಬ್ಬರ, ತೇವ, ಬೀಜ ಮೂರೂ ಒಂದೇ ಕಡೆ. ನೀವೇ ನಾಟಿ ಮಾಡಿದರೂ ಅಷ್ಟು ಚೆನ್ನಾಗಿ ಬರಲ್ಲ. ಕಡಿದರೆ ಸಾಯೋ ಗಿಡ ಅಲ್ಲ ಅದು, ಬುಡದಿಂದ ನಾಲ್ಕು ಕವಲು ಒಡೆದು ಬರುತ್ತೆ. ಮಳೆ ಬಿದ್ದ ಹದಿನೈದು ದಿನದ ಒಳಗೆ, ಸಸಿ ಗೇಣುದ್ದ ಇರುವಾಗ ಎರಡು ಬೆರಳಲ್ಲಿ ಕಿತ್ತರೆ ಬೇರು ಸಮೇತ ಬರುತ್ತೆ. ಅದು ದಾಟಿದರೆ ಜೆಸಿಬಿ ಬೇಕು.

ಆ ಹದಿನೈದು ದಿನ ಕೆರೆ ಅಂಚಿಗೆ ದಿನಾ ಯಾರು ಇರ್ತಾರೆ? ಕುರಿ ಕಾಯೋರು. ನಿಮ್ಮೂರಲ್ಲಿ ಎಷ್ಟು ಕುರಿ ಮನೆ ಇದೆ? ಅವರಿಗೆ ಹೇಳಿದ್ದೀರಾ?

ಇನ್ನೊಂದು, ಕಾಯಿ ಒಣಗಿಸಿ ಬೀಜ ಸಮೇತ ಗಿರಣಿಯಲ್ಲಿ ನುರಿಸಿ ಹಾಕಿದರೆ ಬೀಜ ಹಬ್ಬಲ್ಲ, ಮೇವೂ ಆಗುತ್ತೆ. ಸ್ವಲ್ಪ ರಗಳೆ ಕೆಲಸ, ಆದರೆ ಆಗುತ್ತೆ.

ತಗಡಿನಮನೆ · ರಾಯಚೂರು

ಅಲ್ಲ, ಆ ಗಿಡ ಬಂದಿದ್ದು ಅಮೆರಿಕ ಖಂಡದಿಂದ, ಹೆಸರು ಮಾತ್ರ ಬಳ್ಳಾರಿಗೆ ಕಟ್ಟಿದ್ದಾರೆ. ಬಳ್ಳಾರಿಯವರು ಕೇಸ್ ಹಾಕಬೇಕು.

ಏರಿತೂಬು · ಬಳ್ಳಾರಿ

ಹಾಕ್ತೀವಿ, ಸಾಕ್ಷಿ ಹೇಳೋಕೆ ನೀವು ಬನ್ನಿ. ಸಣ್ಣ ನೀರಾವರಿ ಕೆಲಸದಲ್ಲಿ ಹಲವು ವರ್ಷ ಇದ್ದವನು ನಾನು. ಎರಡು ಮೂರು ಮಾತು ಬೇಗ ಹೇಳಿಬಿಡ್ತೀನಿ.

ಹೂಳು ಬರೋದು ಮೇಲಿನ ಹೊಲಗಳಿಂದ. ಅಲ್ಲಿ ಬದು ಹಾಕದೆ ಕೆರೆ ಮಾತ್ರ ಅಗೆದರೆ ಪ್ರತಿ ಐದು ವರ್ಷಕ್ಕೆ ಹಿಟಾಚಿ ಕರೆಸ್ತಾ ಇರಬೇಕು. ನೀರು ಒಳಗೆ ಬರೋ ಬಾಯಲ್ಲಿ ಒಂದು ಹೂಳುಗುಂಡಿ ಮಾಡಿ. ಕೆರೆ ತಳದ ಜೇಡಿಮಣ್ಣಿನ ಪದರ ಒಡೆಯಬೇಡಿ, ಆಸೆಗೆ ಬಿದ್ದು ಆಳ ಅಗೆದು ಕೆರೆಯನ್ನ ಜರಡಿ ಮಾಡಿಕೊಂಡ ಊರುಗಳಿವೆ. ಪಂಚಾಯ್ತಿ ಠರಾವು ಮಾಡಿಸಿಕೊಂಡರೆ ಬದು, ಕಾಲುವೆ ಕೆಲಸ ಉದ್ಯೋಗ ಖಾತ್ರಿಯಲ್ಲಿ ಹಾಕಿಸಬಹುದು.

2002ರಿಂದ ಜಲ ಸಂವರ್ಧನೆ ಯೋಜನೆಯಲ್ಲಿ ಊರೂರಿಗೆ ಕೆರೆ ಬಳಕೆದಾರರ ಸಂಘ ಮಾಡಿದ್ದರು. ನಾನು ನೋಡಿದ ಕೆಲವು ಕಡೆ ದುಡ್ಡು ಬರುವ ತನಕ ಸಂಘ ಇತ್ತು, ಆಮೇಲೆ ಬೋರ್ಡು ಮಾತ್ರ ಉಳಿಯಿತು. ಉಳಿದ ಸಂಘಗಳಲ್ಲಿ ಒಂದು ಸಾಮಾನ್ಯ ಗುಣ ಕಂಡೆ. ಅಲ್ಲಿ ಹೊಲ ಇಲ್ಲದವರಿಗೂ ಕೆರೆಯಿಂದ ಏನಾದರೊಂದು ಸಿಗುತ್ತಿತ್ತು. ಮೀನೋ, ಹುಲ್ಲೋ, ಇಟ್ಟಿಗೆ ಮಣ್ಣೋ.

ಮಸಾರಿಹೊಲ · ಲಿಂಗಸುಗೂರು ತಾಲ್ಲೂಕು

ನಾಲ್ಕು ದಿನ ಉತ್ತರ ಕೊಡಲಿಲ್ಲ, ಕ್ಷಮಿಸಿ. ಕೊನೆಭಾಗ ಅವರು ಎಣಿಸಿ ನೋಡಿ ಅಂದಿದ್ದರು. ಎಣಿಸಿದೆ.

ಹೂಳು ಹೋದದ್ದು 31 ಹೊಲಗಳಿಗೆ. ಅದರಲ್ಲಿ 26 ಟ್ರ್ಯಾಕ್ಟರ್ ಇದ್ದವರದ್ದು ಇಲ್ಲ ಅವರ ಅಣ್ಣತಮ್ಮಂದಿರದ್ದು. ಸಾಗಿಸೋ ಖರ್ಚು ನಿಮ್ಮದು ಅಂದಾಗಲೇ ಉಳಿದವರು ಹೊರಗೆ ಬಿದ್ದಿದ್ದರು. ನನಗೆ ಅದು ನ್ಯಾಯವಾಗೇ ಕಂಡಿತ್ತು. ನಮ್ಮ ಹೊಲಕ್ಕೂ ಎಂಟು ಟ್ರಿಪ್ ಬಿದ್ದಿದೆ, ಬರೆಯೋಕೆ ನಾಚಿಕೆ ಆಗುತ್ತೆ. 22 ದಿನ ಬುಟ್ಟಿ ಹೊತ್ತವರಲ್ಲಿ ಕೇರಿಯವರೇ ಜಾಸ್ತಿ. ಅವರಲ್ಲಿ ಹಲವರಿಗೆ ಹೊಲ ಇಲ್ಲ, ಇದ್ದವರಿಗೆ ಹೂಳು ಮುಟ್ಟಿಲ್ಲ.

ಇನ್ನೊಂದು ಹೇಳಬೇಕು. ಚಂದಾದಲ್ಲಿ 3,400 ರೂಪಾಯಿ ಉಳಿದಿತ್ತು. ನನ್ನ ಹತ್ತಿರವೇ ಇದೆ, ಒಂದು ಪೈಸೆ ಮುಟ್ಟಿಲ್ಲ. ಆದರೆ ಲೆಕ್ಕ ಓದಿ ಹೇಳಿರಲಿಲ್ಲ. ಮುಂದಿನ ಸಭೆಯಲ್ಲಿ ಹೇಳಿದರಾಯ್ತು ಅಂತ ಬಿಟ್ಟೆ. ಊರಲ್ಲಿ ಅದು ಈಗ 40,000 ಆಗಿದೆಯಂತೆ. ಹಿಟ್ಟಿನ ಗಿರಣಿ ಹತ್ತಿರ ನಿಂತರೆ ಕೇಳಿಸುತ್ತೆ.

ಸಂಘದಕ್ಕ · ಕುಷ್ಟಗಿ ತಾಲ್ಲೂಕು

ಬರೆದದ್ದು ಒಳ್ಳೇದಾಯ್ತು ತಮ್ಮ. ಹೋಗಿ ಓದು. ಗಟ್ಟಿಯಾಗಿ.

ಮಸಾರಿಹೊಲ · ಲಿಂಗಸುಗೂರು ತಾಲ್ಲೂಕು

ಮೂರು ವಾರದ ಮೇಲೆ ಬರೀತಿದ್ದೀನಿ.

ಸಭೆ ರಾತ್ರಿ ಎಂಟೂವರೆಗೆ ಇಟ್ಟೆವು, ಶಾಲೆ ಅಂಗಳದಲ್ಲಿ. 40ಕ್ಕೂ ಜಾಸ್ತಿ ಜನ, ಅದರಲ್ಲಿ ಹೆಣ್ಣುಮಕ್ಕಳು 15. ಮೊದಲು ಲೆಕ್ಕ ಓದಿದೆ. ಬಾಯಿ ಒಣಗಿತು. 3,400 ಅಂದಾಗ ಹಿಂದಿನಿಂದ ಯಾರೋ "ಅಷ್ಟೇನಾ?" ಅಂದರು. ನಗು ಬಂತು, ಅದರ ಜೊತೆ ಬೈಗುಳವೂ ಬಂತು. ಹೂಳಿನ ವಿಷಯಕ್ಕೆ ಒಂದು ತಾಸು ಜಗಳ ಆಯ್ತು. ನಿಜವಾದ ಜಗಳ, ಇಬ್ಬರು ಎದ್ದು ಹೋದರು. ಒಬ್ಬರು ವಾಪಸ್ ಬಂದರು.

ಮುಂದಿನ ಸಲ ಹೂಳೆತ್ತಿದರೆ ಮೊದಲ ಟ್ರಿಪ್‌ಗಳು ಟ್ರ್ಯಾಕ್ಟರ್ ಇಲ್ಲದವರ ಹೊಲಕ್ಕೆ, ಡೀಸೆಲ್ ಚಂದಾದಿಂದ. ಹೊಲ ಇಲ್ಲದವರಿಗೆ ಮೀನು ಮರಿ ಬಿಟ್ಟು ಹಿಡಿಯೋ ಹಕ್ಕು ಕೊಡೋಣ ಅಂತ ಮಾತಾಗಿದೆ, ಪಂಚಾಯ್ತಿ ಇನ್ನೂ ಒಪ್ಪಿಲ್ಲ. ಕಾಲುವೆಯಲ್ಲಿ ಕಲ್ಲುಮಣ್ಣು ಸುರಿದವರು ಯಾರು ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡಲಿಲ್ಲ. ಅದು ಹಾಗೇ ಇದೆ.

ಕುರಿಮಂದೆ ಅವರ ಮಾತು ಕೇಳಿ ಮೂರು ಕುರಿ ಮನೆಗೆ ನಾನೇ ಹೋಗಿದ್ದೆ. ಮೊನ್ನೆ ಮಳೆ ಆದ ಮೇಲೆ ಒಬ್ಬ ಅಜ್ಜಿ ನನ್ನನ್ನ ಕೆರೆ ಅಂಚಿಗೆ ಕರೆದುಕೊಂಡು ಹೋದರು. ಬಗ್ಗಿ, ಹಸಿ ಮಣ್ಣಿಂದ ಜಾಲಿ ಸಸಿ ಎಳೆದು ತೋರಿಸಿದರು. ಮೇಲೆ ಹೆಬ್ಬೆರಳಷ್ಟು ಎಲೆ, ಕೆಳಗೆ ಅದರ ಎರಡರಷ್ಟು ಬಿಳಿ ಬೇರು, ನೂಲಿನ ಹಾಗೆ. ಒಂದು ಹಿಡಿ ಕಿತ್ತು ನನ್ನ ಕೈಗೆ ಕೊಟ್ಟು, "ನಾ ಹೋದ ವರ್ಷನ ಹೇಳ್ತಿದ್ದೆ, ಯಾರ ಕೇಳಿದ್ರಿ?" ಅಂದರು. ಮಂದೆ ಮುಂದೆ ಹೋಗಿತ್ತು. ಅವರೂ ಹೋದರು.

ತಗಡಿನಮನೆ · ರಾಯಚೂರು

ಎಲ್ಲ ಸರಿ. ಆ 3,400 ಏನಾಯ್ತು?

ಮಸಾರಿಹೊಲ · ಲಿಂಗಸುಗೂರು ತಾಲ್ಲೂಕು

ತೂಬಿನ ಬಾಗಿಲಿಗೆ ಹೊಸ ರಾಡು, ವೆಲ್ಡಿಂಗ್ ಕೂಲಿ, ಒಂದು ಡಬ್ಬ ಗ್ರೀಸ್. 2,950 ಆಯ್ತು. ಬಿಲ್ಲನ್ನ ಹಿಟ್ಟಿನ ಗಿರಣಿ ಗೋಡೆಗೆ ಅಂಟಿಸಿದ್ದೀವಿ. ಉಳಿದ 450 ಈಗ ನನ್ನ ಹತ್ತಿರ ಇಲ್ಲ, ಹೆಣ್ಣುಮಕ್ಕಳ ಸಂಘದ ಪೆಟ್ಟಿಗೆಯಲ್ಲಿದೆ.